ಕ್ಯಾಸೆಟ್ ಕೆಟ್ಟಿಲ್ಲ, ಹೆಡ್ ಓರೆಯಾಗಿದೆ

ನಮಸ್ಕಾರ. ಅಟ್ಟದಿಂದ ಇಳಿಸಿದ ಕ್ಯಾಸೆಟ್ಟನ್ನ ನೇರವಾಗಿ ಡೆಕ್‌ಗೆ ಹಾಕಿ ಪ್ಲೇ ಒತ್ತಬೇಡಿ. ಧ್ವನಿ ಮಂಕಾಗಿ ಬಂತು ಅಂತ ಎಸೆಯೋದೂ ಬೇಡ. ಮೂವತ್ತು ನಲವತ್ತು ವರ್ಷದ ಟೇಪಿನಲ್ಲೂ ಹಾಡು ಸಾಮಾನ್ಯವಾಗಿ ಉಳಿದೇ ಇರುತ್ತೆ. ತೊಂದರೆ ಹೆಚ್ಚಾಗಿ ಅದನ್ನ ಓದೋ ಡೆಕ್‌ನಲ್ಲಿ.

ಮೊದಲು ಕ್ಯಾಸೆಟ್ಟನ್ನ ಬೆಳಕಿಗೆ ಹಿಡಿಯಿರಿ. ಕಿಟಕಿಯಲ್ಲಿ ಕಾಣೋ ಸುರುಳಿಯ ಅಂಚು ನುಣುಪಾಗಿರಬೇಕು. ಬಿಳಿ ಪುಡಿ ಉದುರಿಸಿದ ಹಾಗಿದ್ದರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಕ್ಯಾಸೆಟ್‌ಗಳಲ್ಲಿ ಇದು ಇದ್ದದ್ದೇ. ಅದನ್ನ ಹಾಗೇ ಓಡಿಸಿದರೆ ಬೂಷ್ಟು ಡೆಕ್ ಒಳಗೆ ಕೂತು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತೆ. ಬೇರೆ ತೆಗೆದಿಡಿ. ಇನ್ನು ಕೆಳಗಿನ ತೆರೆದ ಬಾಯಿ ನೋಡಿ. ಮಧ್ಯದಲ್ಲಿ ತೆಳು ಲೋಹದ ಪಟ್ಟಿ, ಅದರ ಮೇಲೆ ಪುಟ್ಟ ಫೆಲ್ಟ್ ಚೂರು. ಗೋಂದು ಒಣಗಿ ಅದು ಉದುರಿದ್ದರೆ ಟೇಪು ಹೆಡ್ಡಿಗೆ, ಅಂದರೆ ಡೆಕ್‌ನಲ್ಲಿ ಟೇಪಿನಿಂದ ಧ್ವನಿ ಓದೋ ಪುಟ್ಟ ತುಂಡಿಗೆ, ಸರಿಯಾಗಿ ಒತ್ತಲ್ಲ, ಧ್ವನಿ ಬಂದು ಹೋಗಿ ಮಾಡುತ್ತೆ. ಇನ್ನೊಂದು ಖಾಲಿ ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಎರಡೂ ಸುರುಳಿಗಳನ್ನ ಆ ಚಿಪ್ಪಿಗೆ ವರ್ಗಾಯಿಸಿದರೆ ಆಯ್ತು. ಸುರುಳಿಯ ಮೇಲೆ ಕೆಳಗೆ ಇರೋ ತೆಳು ಹಾಳೆಗಳನ್ನ ಮಾತ್ರ ಮರೀಬೇಡಿ.

ವರ್ಷಗಟ್ಟಲೆ ಸುಮ್ಮನೆ ಕೂತ ಟೇಪಿನ ಸುತ್ತುಗಳು ಒಂದಕ್ಕೊಂದು ಹತ್ತಿಕೊಂಡಿರಬಹುದು. ಆರು ಮೂಲೆಯ ಪೆನ್ಸಿಲ್ ತೂರಿಸಿ ಕೈಯಲ್ಲೇ ಹತ್ತಿಪ್ಪತ್ತು ಸುತ್ತು ತಿರುಗಿಸಿ. ಸರಾಗವಾಗಿ ತಿರುಗಿದರೆ ಡೆಕ್‌ನಲ್ಲಿ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ.

ಈಗ ಡೆಕ್. 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿ. ಹೆಡ್ ಒರೆಸಿದಾಗ ಹತ್ತಿಗೆ ಬರೋ ಕಂದು ಬಣ್ಣ ಟೇಪಿನಿಂದ ಉದುರಿದ ಐರನ್ ಆಕ್ಸೈಡ್. ತಿರುಗೋ ಉಕ್ಕಿನ ಕಡ್ಡಿ ಕ್ಯಾಪ್ಸ್ಟನ್, ಅದನ್ನ ಒತ್ತೋ ರಬ್ಬರ್ ಚಕ್ರ ಪಿಂಚ್ ರೋಲರ್. ಎರಡನ್ನೂ ಹತ್ತಿ ಬಿಳಿಯಾಗೇ ಉಳಿಯೋವರೆಗೆ ಒರೆಸಿ. ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ, ಪ್ಲಾಸ್ಟಿಕ್ಕನ್ನೇ ಕರಗಿಸುತ್ತೆ.

ಟೇಪು ನುಂಗೋದು ಯಾಕೆ ಗೊತ್ತಾ? ಕ್ಯಾಪ್ಸ್ಟನ್ ಒಂದೇ ಸಮನೆ ಟೇಪು ತಳ್ಳುತ್ತಿರುತ್ತೆ. ಮೋಟಾರಿನಿಂದ ಚಕ್ರ ತಿರುಗಿಸೋ ರಬ್ಬರ್ ಬೆಲ್ಟ್ ಸಡಿಲವಾಗಿ ಬಲಗಡೆಯ ಚಕ್ರ ಅದನ್ನ ಸುತ್ತಿಕೊಳ್ಳದಿದ್ದರೆ, ಹೆಚ್ಚಾದ ಟೇಪು ರೋಲರ್‌ಗೆ ಸುತ್ತಿಕೊಳ್ಳುತ್ತೆ. ಅಂದರೆ ಬೆಲ್ಟ್ ಬದಲಿಸಬೇಕು. ಹಳೆಯದು ಡಾಂಬರಿನ ಹಾಗೆ ಕರಗಿದ್ದರೆ ಚಕ್ರಗಳ ಸುತ್ತ ನೂಲು ಸುತ್ತಿ ಅಳತೆ ತಗೊಳ್ಳಿ, ಅದಕ್ಕಿಂತ ಸುಮಾರು 5 ಪರ್ಸೆಂಟ್ ಚಿಕ್ಕದು ತರಿಸಿ. ಮೋಟಾರಿನ ಪುಲ್ಲಿ ಮೇಲೆ ಆ ಅಂಟು ಚೂರು ಉಳಿದರೂ ತಂಬೂರಿಯ ಶ್ರುತಿ ನಡುಗುತ್ತೆ.

ಇಷ್ಟಾದ ಮೇಲೂ ಹಾಡು ಕಂಬಳಿ ಹೊದ್ದ ಹಾಗಿದ್ದರೆ ಅದು ಅಜಿಮತ್ ತೊಂದರೆ, ಅಂದರೆ ಹೆಡ್ಡು ನಿಂತ ಕೋನ ತಪ್ಪಿದೆ. ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ 90 ಡಿಗ್ರಿಯಲ್ಲಿ ನಿಲ್ಲಬೇಕು. ಫಿಲಿಪ್ಸ್ 1963ರಲ್ಲಿ ತಂದ ಈ ಕ್ಯಾಸೆಟ್ಟಿನ ಟೇಪು ಓಡೋದು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ. 10,000 ಹರ್ಟ್ಸ್‌ನ ಒಂದು ಅಲೆಗೆ ಟೇಪಿನ ಮೇಲೆ ಸಿಗೋ ಜಾಗ 4.76 ಮೈಕ್ರಾನ್. ಒಂದೊಂದು ಚಾನೆಲ್ಲಿನ ಅಗಲ ಸುಮಾರು 0.6 ಮಿಲಿಮೀಟರ್. ಲೆಕ್ಕ ಹಾಕಿ ನೋಡಿ: ಹೆಡ್ಡು ಅರ್ಧ ಡಿಗ್ರಿಯಷ್ಟು ಓರೆಯಾದರೂ ಸಾಕು, ಸೀಳಿನ ಒಂದು ತುದಿ ಇನ್ನೊಂದಕ್ಕಿಂತ ಸುಮಾರು ಒಂದು ಅಲೆಯಷ್ಟು ಹಿಂದುಳಿದು ಆ ಸ್ವರ ತನ್ನನ್ನ ತಾನೇ ಅಳಿಸಿಕೊಳ್ಳುತ್ತೆ.

ಸರಿಮಾಡೋದು ಹೀಗೆ. ಹೆಡ್ಡಿನ ಪಕ್ಕದ ಎರಡು ಸ್ಕ್ರೂಗಳಲ್ಲಿ ಸ್ಪ್ರಿಂಗ್ ಮೇಲೆ ಕೂತಿರೋದು ನಮಗೆ ಬೇಕಾದ್ದು. ಮೊದಲಿದ್ದ ಜಾಗಕ್ಕೆ ಬಣ್ಣದ ಚುಕ್ಕೆ ಇಟ್ಟುಕೊಳ್ಳಿ. ಸ್ಕ್ರೂಡ್ರೈವರ್ ಅಯಸ್ಕಾಂತ ಇಲ್ಲದ್ದಾಗಿರಲಿ. ಆಂಪ್ಲಿಫೈಯರನ್ನ ಮೋನೋಗೆ ಹಾಕಿ, ತಾಳ ಅಥವಾ ಗೆಜ್ಜೆ ಕೇಳಿಸೋ ಜಾಗ ಓಡಿಸಿ, ಎಂಟನೇ ಒಂದು ಸುತ್ತಿಗಿಂತ ಕಡಿಮೆ ತಿರುಗಿಸುತ್ತಾ ಕೇಳಿ. ಒಂದು ಜಾಗದಲ್ಲಿ ತಾಳದ ಕೊನೆಯ ಝೇಂಕಾರ ತಟ್ಟನೆ ಬಿಚ್ಚಿಕೊಳ್ಳುತ್ತೆ. ಅಲ್ಲೇ ನಿಲ್ಲಿಸಿ. ಯಕ್ಷಗಾನದ ಕ್ಯಾಸೆಟ್ಟಿದ್ದರೆ ಭಾಗವತರ ಜಾಗಟೆಗಿಂತ ಒಳ್ಳೆ ಪರೀಕ್ಷೆ ಇನ್ನೊಂದಿಲ್ಲ. ಬೇರೆ ಯಂತ್ರದಲ್ಲಿ ರೆಕಾರ್ಡ್ ಆದ ಕ್ಯಾಸೆಟ್ಟಿಗೆ ಈ ಜಾಗ ಸ್ವಲ್ಪ ಬೇರೆ ಇರಬಹುದು.

ಡೆಕ್ಕಿನ ಲೈನ್ ಔಟ್ ವೈರು ಆಂಪ್ಲಿಫೈಯರಿನ ಆಕ್ಸ್ ಅಥವಾ ಟೇಪ್ ಇನ್‌ಗೆ ಹೋಗಲಿ, ಫೋನೋಗೆ ಬೇಡ. ಅದು ಗ್ರಾಮಫೋನ್ ಸೂಜಿಯ ಸಣ್ಣ ಸಿಗ್ನಲ್ಲಿಗೆ ಮಾಡಿದ್ದು, ಇಲ್ಲಿ ಧ್ವನಿ ಒಡೆಯುತ್ತೆ. ಕವರ್ ಮೇಲೆ ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸೋ ವ್ಯವಸ್ಥೆ) ಗುರುತಿಲ್ಲದಿದ್ದರೆ ಡಾಲ್ಬಿ ಆಫ್ ಮಾಡಿ, ಇಲ್ಲದಿದ್ದರೆ ಈಗ ತಾನೇ ಬಿಚ್ಚಿಕೊಂಡ ಝೇಂಕಾರ ಮತ್ತೆ ಮುಚ್ಚಿಹೋಗುತ್ತೆ.

ಹಾಡು ಮುಗಿದ ಮೇಲೆ ರಿವೈಂಡ್ ಮಾಡದೆ ಹಾಗೇ ಪೆಟ್ಟಿಗೆಗೆ ಹಾಕಿ, ನೆಟ್ಟಗೆ ನಿಲ್ಲಿಸಿ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ ಇಡಿ. ವೇಗವಾಗಿ ಸುತ್ತಿದ ಟೇಪಿನ ಅಂಚು ಏರುಪೇರಾಗಿ ನಿಲ್ಲುತ್ತೆ. ಪ್ಲೇ ಆಗುತ್ತಾ ಸುತ್ತಿಕೊಂಡದ್ದು ಸಮವಾಗಿ ಕೂರುತ್ತೆ.