ವಿದೇಶಿಯರು ಬರುವುದು ಯಾತಕ್ಕೆ?

ಕೇಳುಗರಿಗೆ ನಮಸ್ಕಾರ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಗೋಕರ್ಣದ ಕುಡ್ಲೆ ಕಡಲತೀರದಲ್ಲಿ ಚಳಿಗಾಲ ಕಳೆಯುವ ವಿದೇಶಿಯರಲ್ಲಿ ಒಬ್ಬರು ಯೋಗಾಸಕ್ತಿಯಿಂದ, ಇನ್ನೊಬ್ಬರು ತಮ್ಮೂರಿನ ಹಿಮದಿಂದ ತಪ್ಪಿಸಿಕೊಳ್ಳಲು ಬಂದಿರಬಹುದು; ಸರ್ಕಾರದ ಲೆಕ್ಕದಲ್ಲಿ ಮಾತ್ರ ಇಬ್ಬರೂ ‘ವಿರಾಮ, ರಜೆ ಮತ್ತು ಮನರಂಜನೆ’ ಎಂಬ ಒಂದೇ ಅಂಕಣದವರು.

ಈ ಕರಾವಳಿಗೆ ಹೊರನಾಡಿನವರು ಹೊಸಬರಲ್ಲ. 14ನೆಯ ಶತಮಾನದಲ್ಲಿ ಹೊನ್ನಾವರವನ್ನು ಕಂಡ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದಿಟ್ಟ. ಅರಬರು ಭಟ್ಕಳದಲ್ಲಿ ಕುದುರೆ ಇಳಿಸಿದರು. ಪೋರ್ಚುಗೀಸರು ಗೇರುಸೊಪ್ಪೆಯ ಕಾಳುಮೆಣಸಿಗೆ ಹಾತೊರೆದರು. ಇಂಗ್ಲಿಷರು 17ನೆಯ ಶತಮಾನದಲ್ಲಿ ಕಾರವಾರದಲ್ಲಿ ವ್ಯಾಪಾರದ ಕೋಠಿ ಹೂಡಿದರು. ಅಂದು ಬಂದ ಕಾರಣವನ್ನು ಹಡಗಿನ ಸರಕೇ ಹೇಳುತ್ತಿತ್ತು. ಇಂದು ವೀಸಾ ಹೇಳುತ್ತದೆ.

ಹಾಗೆ ವೀಸಾ ಹೇಳಿದ್ದನ್ನೇ ಮನಸ್ಸಿನ ಮಾತೆಂದು ನಂಬಿದರೆ ಎಡವುತ್ತೇವೆ. 2019ರಲ್ಲಿ ಭಾರತಕ್ಕೆ ಸುಮಾರು 1 ಕೋಟಿ 9 ಲಕ್ಷ ವಿದೇಶಿ ಪ್ರವಾಸಿಗರು ಬಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರಜೆಗೆಂದು ಬಂದವರು. 2021ರಲ್ಲಿ ಈ ಸಂಖ್ಯೆ 15 ಲಕ್ಷಕ್ಕೆ ಕುಸಿದಾಗ, ನೆಂಟರಿಷ್ಟರನ್ನು ಕಾಣಲು ಬಂದ ಭಾರತೀಯ ಮೂಲದವರೇ ಮುಂದಾದರು. ಜನರಿಗೆ ಕಡಲ ಮೇಲಿನ ಮೋಹ ಕರಗಿತೆಂದಲ್ಲ. 2020ರ ಮಾರ್ಚ್‌ನಲ್ಲಿ ನಿಂತ ಪ್ರವಾಸಿ ವೀಸಾ 2021ರ ಕೊನೆಯವರೆಗೂ ಬಹುತೇಕ ಸಿಗಲಿಲ್ಲ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಓಸಿಐ ಕಾರ್ಡ್ ಉಳ್ಳವರಿಗಾದರೋ ಬಾಗಿಲು ಮೊದಲೇ ತೆರೆದಿತ್ತು. ಆದರೂ 2023ರಲ್ಲಿ ರಜೆಯವರು ಮತ್ತೆ ಮೊದಲ ಸ್ಥಾನಕ್ಕೆ ಬಂದ ಮೇಲೂ ಮೂಲದೂರಿನ ನಂಟಿಗಾಗಿ ಬರುವವರ ಪಾಲು 2019ಕ್ಕಿಂತ ಹೆಚ್ಚೇ ಉಳಿಯಿತು. ಭಾರತದ ಪಾಸ್‌ಪೋರ್ಟ್ ಹಿಡಿದು ಕೊಲ್ಲಿಯಲ್ಲಿ ದುಡಿಯುವ ಭಟ್ಕಳದವರು ಹಬ್ಬಕ್ಕೆ ಊರಿಗೆ ಬಂದರೆ, ಅದು ಈ ಲೆಕ್ಕಕ್ಕೆ ಸೇರುವುದಿಲ್ಲ.

ಚಿಕಿತ್ಸೆಗೆಂದು ಬಂದವರು 2019ರಲ್ಲಿ ಏಳು ಲಕ್ಷದ ಹತ್ತಿರವಿದ್ದರು, ಬಹುಪಾಲು ಬಾಂಗ್ಲಾದೇಶದವರು. ದೊಡ್ಡ ಕಾಯಿಲೆಗೆ ನಾವೇ ಮಣಿಪಾಲ, ಮಂಗಳೂರು, ಗೋವೆಯ ದಾರಿ ಹಿಡಿಯುವ ಈ ಜಿಲ್ಲೆಯಲ್ಲಿ ಆ ಅಂಕಣದ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ.

ಘಟ್ಟದ ಮೇಲಿನ ಮುಂಡಗೋಡದ ಸಂಗತಿ ಬೇರೆ. ಅಲ್ಲಿನ ಟಿಬೆಟನ್ ನೆಲೆಯ ಡ್ರೆಪುಂಗ್, ಗಾಂದೆನ್ ಮಠಗಳಲ್ಲಿ ಬೌದ್ಧ ಪ್ರವಚನ ಕೇಳಲು ಬಯಸುವ ವಿದೇಶಿಯರು ಗೃಹ ಸಚಿವಾಲಯದ ವಿಶೇಷ ಅನುಮತಿ ಪತ್ರ ಪಡೆದೇ ಬರಬೇಕು. ಇಷ್ಟು ಸ್ಪಷ್ಟವಾದ ಉದ್ದೇಶವಿಟ್ಟುಕೊಂಡು, ಅರ್ಜಿ ಹಾಕಿ ಕಾದು ಬಂದ ಆ ಜಿಜ್ಞಾಸುವೂ ಪ್ರವಾಸಿ ವೀಸಾದಲ್ಲಿ ಬಂದಿದ್ದರೆ ಎಣಿಕೆಯಲ್ಲಿ ಸೇರುವುದು ಕುಡ್ಲೆಯ ಮರಳಿನ ಮೇಲೆ ಬಿಸಿಲು ಕಾಯಿಸುವವರ ಅಂಕಣಕ್ಕೇ.