ಹಳೆ ಲಾರಿಯ ವೈಪರ್ ಕೈಕೊಟ್ಟಾಗ

ಪ್ರಿಯ ಕೇಳುಗರೇ,

ಹಳೆ ಲಾರಿಯ ವೈಪರ್ ಓಡುತ್ತಿಲ್ಲ ಅಂದ ಕೂಡಲೇ ಬರುವ ಮೊದಲ ಮಾತು "ಮೋಟಾರ್ ಹೋಗಿದೆ" ಅಂತ. ಹೊಸ ಮೋಟಾರ್ ತರಿಸುತ್ತಾರೆ, ಕೂರಿಸುತ್ತಾರೆ. ಸ್ವಲ್ಪ ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಅದೂ ನಿಧಾನವಾಗುತ್ತದೆ, ಬಿಸಿಯಾಗುತ್ತದೆ, ಒಂದು ದಿನ ಜೋರು ಮಳೆಯಲ್ಲೇ ನಿಂತುಬಿಡುತ್ತದೆ. ಯಾಕಂದ್ರೆ ಎಷ್ಟೋ ಸಲ ತೊಂದರೆ ಮೋಟಾರಿನಲ್ಲಿ ಇರುವುದೇ ಇಲ್ಲ. ಮೋಟಾರಿಗೆ ಹೊರೆಯಾಗಿದ್ದ ತುಕ್ಕು ಹಾಗೇ ಉಳಿದಿರುತ್ತದೆ. ಇಲ್ಲವೇ ಮೋಟಾರಿಗೆ ಕರೆಂಟ್ ಸರಿಯಾಗಿ ತಲುಪುತ್ತಿರುವುದಿಲ್ಲ. ಹಳೆ ಲಾರಿಯಲ್ಲಿ ಮೋಟಾರನ್ನು ಎಲ್ಲಕ್ಕಿಂತ ಕೊನೆಗೆ ಅನುಮಾನಿಸಿ. ಇವತ್ತು ನಾನು ಹೇಳಹೊರಟಿರುವುದು ಇದನ್ನೇ.

ಮೊದಲು ಒಳಗೆ ಏನೇನಿದೆ ನೋಡೋಣ. ಬ್ಯಾಟರಿಯ ಕರೆಂಟ್ ಫ್ಯೂಸ್ ದಾಟಿ, ಸ್ವಿಚ್ ದಾಟಿ ಮೋಟಾರಿಗೆ ಬರುತ್ತದೆ. ಮೋಟಾರ್ ತುಂಬ ಜೋರಾಗಿ ತಿರುಗುತ್ತದೆ. ಅದರ ಶಾಫ್ಟಿನ ಮೇಲೆ ತಿರುಪಿನಂಥ ಹಲ್ಲು ಇರುತ್ತದೆ, ಅದಕ್ಕೆ ಕಚ್ಚಿಕೊಂಡು ಒಂದು ಗೇರ್ ಚಕ್ರ. ಇದು ವೇಗ ಇಳಿಸಿ ಬಲ ಹೆಚ್ಚಿಸುತ್ತದೆ. ಗೇರಿನ ಹೊರತುದಿಗೆ ಒಂದು ಗಿಡ್ಡ ಕ್ರ್ಯಾಂಕ್, ಕ್ರ್ಯಾಂಕಿಗೆ ಉದ್ದನೆಯ ಲಿಂಕ್ ಸರಳುಗಳು. ಕ್ರ್ಯಾಂಕ್ ಸುತ್ತಿದಂತೆಲ್ಲ ಲಿಂಕ್ ಹಿಂದೆ ಮುಂದೆ ಆಡುತ್ತದೆ. ಅದರಿಂದ ಗಾಜಿನ ಅಂಚಿನಲ್ಲಿರುವ ಪಿವಟ್‌ಗಳು ಅತ್ತಿತ್ತ ಹೊರಳುತ್ತವೆ. ಪಿವಟ್ ತಲೆಗೆ ಆರ್ಮ್, ಆರ್ಮಿಗೆ ಬ್ಲೇಡು, ಬ್ಲೇಡಿಗೆ ರಬ್ಬರ್. ಇಷ್ಟು ಕೀಲುಗಳಲ್ಲಿ ಎಲ್ಲಿ ಹಿಡಿದುಕೊಂಡರೂ ಹೊರಗೆ ಕಾಣುವುದು ಒಂದೇ: ಬ್ಲೇಡು ಓಡುತ್ತಿಲ್ಲ.

ಹಾಗಾಗಿ ಪಾನಾ ಹಿಡಿಯುವ ಮೊದಲು ಕಿವಿಗೊಡಿ. ಎಂಜಿನ್ ನಿಲ್ಲಿಸಿ, ಕೀ ತಿರುಗಿಸಿ, ವೈಪರ್ ಸ್ವಿಚ್ ಹಾಕಿ. ಮೋಟಾರ್ ಸರಾಗವಾಗಿ ಗುಂಯ್ ಅಂತ ಓಡುತ್ತಿದೆ, ಬ್ಲೇಡು ಮಾತ್ರ ಅಲುಗುತ್ತಿಲ್ಲ ಅಂದ್ರೆ ಕರೆಂಟಿನ ತಂಟೆಗೇ ಹೋಗಬೇಡಿ. ಲಿಂಕ್ ಕಳಚಿದೆ, ಇಲ್ಲವೇ ಒಳಗಿನ ಗೇರಿನ ಹಲ್ಲು ಉದುರಿದೆ, ಇಲ್ಲವೇ ಪಿವಟ್ ತಿರುಗುತ್ತಿದ್ದರೂ ಆರ್ಮ್ ಅದರ ಮೇಲೆ ಜಾರುತ್ತಿದೆ. ಮೋಟಾರ್ ಉಸಿರುಕಟ್ಟಿದ ಹಾಗೆ ನರಳುತ್ತಿದೆ ಅಂದ್ರೆ ಎಲ್ಲೋ ಬಿಗಿಯಾಗಿದೆ, ಅಥವಾ ಕರೆಂಟ್ ಸಾಲುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಫ್ಯೂಸ್, ವೈರು, ಸ್ವಿಚ್, ಮತ್ತೆ ಅರ್ಥಿಂಗ್, ಅಂದ್ರೆ ಕರೆಂಟ್ ವಾಪಸ್ ಹೋಗುವ ದಾರಿ, ಇಷ್ಟನ್ನೂ ನೋಡಬೇಕು. ಇನ್ನೊಂದು ಲಕ್ಷಣವನ್ನು ಚೆನ್ನಾಗಿ ನೆನಪಿಡಿ. ವೈಪರ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ಬಿಟ್ಟು ನೋಡಿದರೆ ಮತ್ತೆ ಓಡುತ್ತದೆ. ಎಷ್ಟೋ ಮೋಟಾರುಗಳಲ್ಲಿ ಬಿಸಿ ಜಾಸ್ತಿಯಾದರೆ ತಾನಾಗೇ ಕರೆಂಟ್ ಕಡಿಯುವ ಲೋಹದ ಪಟ್ಟಿ ಇರುತ್ತದೆ. ಅದು ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಹೀಗಾಗುತ್ತಿದ್ದರೆ ಮೋಟಾರ್ ತನ್ನ ಶಕ್ತಿಗೆ ಮೀರಿ ಎಳೆಯುತ್ತಿದೆ ಅಂತ ತಿಳಿಯಿರಿ.

ಈಗ ಮುಖ್ಯವಾದ ಪರೀಕ್ಷೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಇದನ್ನು ಒತ್ತಿ ಹೇಳುತ್ತೇನೆ. ಲಿಂಕಿನ ನಡುವೆ ಬೆರಳಿದ್ದಾಗ ಯಾರಾದರೂ ಸ್ವಿಚ್ ಮುಟ್ಟಿದರೆ ಬೆರಳು ಜಜ್ಜಿಹೋಗುತ್ತದೆ. ಬಿಚ್ಚಿದ ಮೇಲೆ ಮೋಟಾರಿನ ಕ್ರ್ಯಾಂಕಿನಿಂದ ಲಿಂಕ್ ಸರಳನ್ನು ಕಳಚಿ. ಈಗ ಒಂದು ಕಡೆ ಮೋಟಾರ್, ಇನ್ನೊಂದು ಕಡೆ ಲಿಂಕ್, ಪಿವಟ್, ಆರ್ಮ್. ಬ್ಲೇಡನ್ನು ಗಾಜಿನಿಂದ ಮೇಲೆತ್ತಿ ನಿಲ್ಲಿಸಿ, ಆರ್ಮನ್ನು ಕೈಯಿಂದ ಆಡಿಸಿ. ಸುಲಭವಾಗಿ ಹೊರಳಬೇಕು. ಮೊಣಕೈ ಬಲ ಬೇಕಾಯಿತು ಅಂದ್ರೆ ಕಳ್ಳ ಸಿಕ್ಕ ಹಾಗೆ. ಆಮೇಲೆ ಕೈ ಹೊರಗಿಟ್ಟು, ಬ್ಯಾಟರಿ ಜೋಡಿಸಿ ಮೋಟಾರನ್ನು ಒಂಟಿಯಾಗಿ ಓಡಿಸಿ. ಅದು ಎರಡೂ ವೇಗದಲ್ಲಿ ಚುರುಕಾಗಿ ತಿರುಗಿದರೆ ಅದನ್ನು ಬಿಚ್ಚುವ ಕೆಲಸವೇ ಬೇಡ.

ಪಿವಟ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಹಳೆ ಗಾಡಿಯಲ್ಲಿ ಇದರದ್ದೇ ಕಾಟ ಜಾಸ್ತಿ. ಪಿವಟ್ ಅಂದ್ರೆ ಒಂದು ಉಕ್ಕಿನ ಕಡ್ಡಿ. ಅದು ಕೂತಿರುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ ಥರದ ಎರಕದ ಗೂಡಿನಲ್ಲಿ. ಗಾಜಿನ ಮೇಲೆ ಬಿದ್ದ ನೀರೆಲ್ಲ ಇಳಿದು ಬರುವುದು ಇದರ ತಲೆಯ ಮೇಲೇ. ಮೇಲಿನ ರಬ್ಬರ್ ವಾಷರ್ ಒಣಗಿ ಬಿರಿದ ಮೇಲೆ ನೀರು ಒಳಗಿಳಿಯುತ್ತದೆ. ಗ್ರೀಸು ತೊಳೆದುಹೋಗುತ್ತದೆ. ಉಕ್ಕಿಗೆ ಕೆಂಪು ತುಕ್ಕು, ಅಲ್ಯೂಮಿನಿಯಂಗೆ ಬಿಳಿ ಪುಡಿ. ಈ ಎರಡೂ ಸೇರಿ ಕಡ್ಡಿಯನ್ನು ಸಿಮೆಂಟ್ ಹಾಕಿದ ಹಾಗೆ ಹಿಡಿದುಬಿಡುತ್ತವೆ.

ಇಲ್ಲಿ ಹೆಚ್ಚಿನವರು ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಸುಮ್ಮನಾಗುತ್ತಾರೆ. ತಕ್ಷಣ ಸಡಿಲವಾಗುತ್ತದೆ, ನಿಜ. ಆದರೆ ಆ ಎಣ್ಣೆ ತೆಳು. ಉಳಿದಿದ್ದ ಚೂರುಪಾರು ಗ್ರೀಸನ್ನೂ ತೊಳೆದು ತಾನೂ ಹರಿದುಹೋಗುತ್ತದೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಬಿಗಿ. ಆ ಎಣ್ಣೆಯನ್ನು ಬಿಚ್ಚುವುದಕ್ಕೆ ಬಳಸಿ, ರಿಪೇರಿ ಅಂತ ತಿಳಿಯಬೇಡಿ. ಮಾಡಿದ ಕೆಲಸ ಬಾಳಿಕೆ ಬರಬೇಕಾದರೆ ಕಡ್ಡಿ ಹೊರಗೆ ಬರಲೇಬೇಕು. ಮೇಲ್ಗಡೆ ಒಂದು ಲಾಕ್ ರಿಂಗ್ ಇರುತ್ತದೆ, ಅದನ್ನು ತೆಗೆಯಿರಿ. ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಕಡ್ಡಿಯ ತುದಿಗೆ ಮರದ ತುಂಡು ಕೊಟ್ಟು ಮೆಲ್ಲಗೆ ತಟ್ಟಿ. ಅತ್ತಿತ್ತ ತಿರುಗಿಸುತ್ತಾ ಇಳಿಸಿ. ಹೊರಗೆ ಬಂದ ಮೇಲೆ ಸಣ್ಣ ಎಮರಿ ಕಾಗದದಿಂದ ಹೊಳಪು ಬರುವ ತನಕ ಉಜ್ಜಿ. ಗೂಡಿನ ಒಳಗೂ ಅದೇ ಕಾಗದ ಸುತ್ತಿ ಉಜ್ಜಿ, ಆದರೆ ತೂತು ದೊಡ್ಡದಾಗುವಷ್ಟು ಬೇಡ. ಪುಡಿಯೆಲ್ಲ ಒರೆಸಿ, ನೀರಿಗೆ ಜಗ್ಗದ ಗ್ರೀಸು ತುಂಬಿ, ಹೊಸ ರಬ್ಬರ್ ವಾಷರ್ ಹಾಕಿ ಜೋಡಿಸಿ. ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗಬೇಕು. ಕೆಲವು ಗಾಡಿಗಳಲ್ಲಿ ಕಡ್ಡಿ ಬಿಚ್ಚಲಾಗದ ಹಾಗೆ ಒತ್ತಿ ಕೂರಿಸಿರುತ್ತಾರೆ. ಆಗ ಇಡೀ ಪಿವಟ್ ಬದಲಿಸುವುದೇ ದಾರಿ.

ಪಿವಟ್ ಬಿಚ್ಚಬೇಕಾದರೆ ಆರ್ಮ್ ತೆಗೆಯಬೇಕಲ್ವಾ? ಇಲ್ಲಿ ಅವಸರ ಮಾಡಿದರೆ ಗಾಜಿಗೇ ಅಪಾಯ. ಬ್ಲೇಡು ಕೂತಿರುವ ಜಾಗಕ್ಕೆ ಗಾಜಿನ ಮೇಲೆ ಒಂದು ಟೇಪಿನ ತುಂಡು ಅಂಟಿಸಿ ಗುರುತು ಮಾಡಿಕೊಳ್ಳಿ. ಗಾಜಿನ ಮೇಲೆ ದಪ್ಪ ಬಟ್ಟೆ ಹಾಸಿ. ಎತ್ತಿ ನಿಲ್ಲಿಸಿದ ಆರ್ಮ್ ಜಾರಿ ಸ್ಪ್ರಿಂಗಿನ ಬಲದಲ್ಲಿ ಬಂದು ಬಡಿದರೆ ಗಾಜು ಸೀಳುತ್ತದೆ. ನಟ್ಟು ಬಿಚ್ಚಿದ ಮೇಲೂ ಆರ್ಮ್ ಬರದಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಎರಡು ಕಾಲಿನ ಚಿಕ್ಕ ಪುಲ್ಲರ್ ಹಾಕಿ ಎಳೆಯಿರಿ. ಬಂದ ಮೇಲೆ ಆರ್ಮಿನ ತೂತಿನ ಒಳಗೆ ಬೆರಳಾಡಿಸಿ. ಸಣ್ಣ ಸಣ್ಣ ಹಲ್ಲುಗಳು ಬೆರಳಿಗೆ ಚೂಪಾಗಿ ಸಿಗಬೇಕು. ನುಣ್ಣಗಾಗಿದ್ದರೆ ನಟ್ಟು ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಆರ್ಮ್ ಬದಲಾಯಿಸಬೇಕು.

ಲಿಂಕಿನ ಕೀಲುಗಳಲ್ಲಿ ಪ್ಲಾಸ್ಟಿಕ್ ಬುಷ್ ಇರುತ್ತದೆ, ಲೋಹದ ಗುಂಡಿನ ಮೇಲೆ ಕೂರುವ ಬಟ್ಟಲು. ಇದು ಸವೆದರೆ ಬ್ಲೇಡು ತುದಿಯಲ್ಲಿ ಜಾಸ್ತಿ ಹೋಗಿ ಗಾಜಿನ ಚೌಕಟ್ಟಿಗೆ ಟಕ್ ಟಕ್ ಬಡಿಯುತ್ತದೆ. ಹೊಸ ಬುಷ್ ಬಿಗಿಯಾಗಿರುತ್ತದೆ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಹಾಕಿ ತೆಗೆದರೆ ಮೆತ್ತಗಾಗಿ ಸುಲಭವಾಗಿ ಕೂರುತ್ತದೆ.

ಇನ್ನು ಕರೆಂಟು. ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರಿನದ್ದು ಹಾಕಿ. ದೊಡ್ಡದು ಹಾಕಿದರೆ ಫ್ಯೂಸಿನ ಬದಲು ವೈರು ಸುಡುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಮತ್ತೆ ಪಿವಟ್ ಕಡೆಗೇ ನೋಡಿ, ಬಿಗಿಯಾದ ಪಿವಟ್ ಮೋಟಾರಿಗೆ ಜಾಸ್ತಿ ಆಂಪಿಯರ್ ಎಳೆಯುವ ಹಾಗೆ ಮಾಡುತ್ತದೆ. ಹಳೆ ಲಾರಿಯಲ್ಲಿ ನನಗೆ ಜಾಸ್ತಿ ಅನುಮಾನ ಇರುವುದು ಅರ್ಥಿಂಗ್ ಮೇಲೆ. ಮೋಟಾರಿನ ಕರೆಂಟ್ ವಾಪಸ್ ಹೋಗುವುದು ಬಾಡಿಯ ಮೂಲಕ. ಬೋಲ್ಟಿನ ಕೆಳಗೆ ತುಕ್ಕೋ ಬಣ್ಣವೋ ಸೇರಿದ್ದರೆ ದಾರಿ ಅಲ್ಲೇ ಕಟ್ಟಿತು. ಪರೀಕ್ಷೆ ಸುಲಭ. ದಪ್ಪ ವೈರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಮೋಟಾರಿನ ಅರ್ಥಿಂಗ್ ಜಾಗಕ್ಕೆ ಹಿಡಿಯಿರಿ. ಸೋತು ಸೊರಗಿದ್ದ ವೈಪರ್ ಚುರುಕಾಯಿತು ಅಂದ್ರೆ ತೊಂದರೆ ಅಲ್ಲೇ ಇದೆ. ಮಲ್ಟಿಮೀಟರ್ ಇದ್ದರೆ ವೈಪರ್ ಓಡುವಾಗಲೇ ಮೋಟಾರ್ ಬಾಡಿ ಮತ್ತು ಬ್ಯಾಟರಿ ನೆಗೆಟಿವ್ ನಡುವೆ ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವ ತನಕ ಉಜ್ಜಿ ಕೂರಿಸಿ. ಕರೆಂಟ್ ಇದೆಯೋ ಇಲ್ಲವೋ ನೋಡುವ ಟೆಸ್ಟ್ ಲ್ಯಾಂಪ್, ಹೊಸ ಮೋಟಾರ್ ಏನೇ ತಂದರೂ ನಿಮ್ಮ ಲಾರಿ 12 ವೋಲ್ಟಿನದ್ದೋ 24 ವೋಲ್ಟಿನದ್ದೋ ನೋಡಿಕೊಂಡು ತನ್ನಿ.

ವೈಪರ್ ಓಡುತ್ತದೆ, ನಿಲ್ಲುವುದು ಮಾತ್ರ ಸರಿ ಇಲ್ಲ ಅನ್ನುವ ದೂರು ಬೇರೆ. ಸ್ವಿಚ್ ಆಫ್ ಮಾಡಿದರೂ ಬ್ಲೇಡು ಕೆಳಗೆ ಬಂದೇ ನಿಲ್ಲುತ್ತದಲ್ವಾ, ಅದಕ್ಕೆ ಗೇರ್ ಡಬ್ಬಿಯೊಳಗೆ ಒಂದು ಪುಟ್ಟ ವ್ಯವಸ್ಥೆ ಇದೆ. ಗೇರ್ ಚಕ್ರದ ಮೇಲೆ ತಾಮ್ರದ ಬಿಲ್ಲೆ, ಬಿಲ್ಲೆಯ ಒಂದು ಕಡೆ ಕಚ್ಚು. ಬಿಲ್ಲೆಯನ್ನು ಉಜ್ಜುತ್ತಾ ಒಂದು ಲೋಹದ ಪಟ್ಟಿ. ಸ್ವಿಚ್ ಆಫ್ ಆದಮೇಲೂ ಈ ಪಟ್ಟಿಯ ಮೂಲಕ ಮೋಟಾರಿಗೆ ಕರೆಂಟ್ ಬರುತ್ತಲೇ ಇರುತ್ತದೆ. ಕಚ್ಚು ಬಂದಾಗ ಕಡಿಯುತ್ತದೆ, ಬ್ಲೇಡು ಕೂರುತ್ತದೆ. ಆಫ್ ಮಾಡಿದ ಜಾಗದಲ್ಲೇ ಬ್ಲೇಡು ನಿಂತರೆ ಈ ಪಟ್ಟಿ ಮುಟ್ಟುತ್ತಿಲ್ಲ, ಇಲ್ಲವೇ ಅದಕ್ಕೆ ಬರುವ ವೈರು ಕಡಿದಿದೆ. ಆಫ್ ಮಾಡಿದರೂ ನಿಲ್ಲದೇ ಓಡಿದರೆ ಪಟ್ಟಿ ಬಾಗಿ ಅಂಟಿಕೊಂಡಿರಬಹುದು, ಸ್ವಿಚ್ ಕೂಡ ಕೆಟ್ಟಿರಬಹುದು. ಪ್ರತಿ ಸಲ ಒಂದೇ ತಪ್ಪು ಜಾಗದಲ್ಲಿ ನಿಲ್ಲುತ್ತಿದ್ದರೆ ಕರೆಂಟಿನದ್ದೇನೂ ಇಲ್ಲ, ಆರ್ಮ್ ಒಂದೆರಡು ಹಲ್ಲು ತಪ್ಪಿ ಕೂತಿದೆ.

ಇಷ್ಟೆಲ್ಲ ಆದಮೇಲೆ ಮೋಟಾರ್ ಬಿಚ್ಚುವ ಸರದಿ ಬಂದರೆ ನಿಧಾನವಾಗಿ ಬಿಚ್ಚಿ. ಸುತ್ತಿಗೆಯಿಂದ ಹೊಡೆಯಬೇಡಿ. ಒಳಗೆ ಅಂಟಿಸಿರುವ ಅಯಸ್ಕಾಂತ ಬಳೆಯ ಹಾಗೆ ಒಡೆಯುತ್ತದೆ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸಾಮಾನ್ಯವಾಗಿ ಮೂರು: ಎದುರುಬದುರಾಗಿ ಎರಡು, ಪಕ್ಕಕ್ಕೆ ಸರಿದು ಒಂದು. ಜೋರು ವೇಗಕ್ಕೆ ಆ ಮೂರನೆಯದು. ಜೋರು ವೇಗ ಮಾತ್ರ ಬರುತ್ತಿಲ್ಲ ಅಂದ್ರೆ ಮೊದಲು ಅದನ್ನು ನೋಡಿ. ಗೇರಿನ ಹಳೆ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ, ಕೆರೆದು ತೆಗೆದು ಹೊಸದು ಹಾಕಿ. ಅಷ್ಟರಿಂದಲೇ ಎಷ್ಟೋ ಮೋಟಾರುಗಳಿಗೆ ಜೀವ ಬರುತ್ತದೆ.

ತುಂಬ ಹಳೆಯ ಪೆಟ್ರೋಲ್ ಲಾರಿಗಳಲ್ಲಿ ಎಂಜಿನ್ನಿನ ಎಳೆತದಿಂದ ಓಡುವ ವ್ಯಾಕ್ಯೂಮ್ ವೈಪರ್ ಇರುತ್ತಿತ್ತು. ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಅದು ನಿಧಾನವಾಗುವುದು ಸಹಜ, ಅದು ಕೆಟ್ಟಿದೆ ಅಂತಲ್ಲ. ಏರ್ ಬ್ರೇಕಿನ ಗಾಳಿಯಿಂದ ಓಡುವವೂ ಇವೆ. ಎರಡರಲ್ಲೂ ಬಿರಿದ ಪೈಪು ಮತ್ತು ಸವೆದ ಸೀಲು ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಕೊನೆಗೆ ಗಾಜು ಮತ್ತು ರಬ್ಬರ್. ಅಮೆರಿಕದ ಮೇರಿ ಆ್ಯಂಡರ್ಸನ್ ಎಂಬ ಮಹಿಳೆ 1903ರಲ್ಲಿ ಪೇಟೆಂಟ್ ಪಡೆದ ವೈಪರಿನಲ್ಲಿ ಮೋಟಾರ್ ಇರಲಿಲ್ಲ, ಒಳಗಿನಿಂದ ಹಿಡಿಕೆ ಆಡಿಸಬೇಕಿತ್ತು. ಆದರೆ ಗಾಜಿಗೆ ರಬ್ಬರನ್ನು ಒತ್ತಿ ಹಿಡಿಯುವ ಏರ್ಪಾಡು ಅದರಲ್ಲೇ ಇತ್ತು. ಇವತ್ತಿಗೂ ಕೆಲಸ ಮಾಡುವುದು ಆ ಒತ್ತಡವೇ. ಆರ್ಮಿನ ಸ್ಪ್ರಿಂಗ್ ಸೋತಿದ್ದರೆ ಹೊಸ ಬ್ಲೇಡು ಹಾಕಿಯೂ ನೀರಿನ ಪಟ್ಟೆ ಉಳಿಯುತ್ತದೆ. ಬ್ಲೇಡು ಕಟಕಟ ಅಂತ ಹಾರುತ್ತಿದ್ದರೆ ಆರ್ಮ್ ತಿರುಚಿಕೊಂಡಿರಬಹುದು. ಬ್ಲೇಡು ಗಾಜಿನ ನಡುವೆ ಇರುವಾಗ ರಬ್ಬರ್ ಗಾಜಿಗೆ ನೇರವಾಗಿ ನಿಂತಿರಬೇಕು. ಎಡಕ್ಕೆ ಹೋಗುವಾಗ ಒಂದು ಕಡೆ, ಬಲಕ್ಕೆ ಬರುವಾಗ ಇನ್ನೊಂದು ಕಡೆ ಬಾಗಬೇಕು. ಎರಡೂ ಸಲ ಒಂದೇ ಕಡೆ ಬಾಗಿದ್ದರೆ ಎರಡು ಪಾನಾದಲ್ಲಿ ಹಿಡಿದು ಆರ್ಮನ್ನು ಚೂರೇ ಚೂರು ತಿರುಚಿ ಸರಿಮಾಡಿ. ರಬ್ಬರಿಗೆ ಡೀಸೆಲ್, ಎಣ್ಣೆ ಸವರಬೇಡಿ, ಊದಿಕೊಂಡು ಹಾಳಾಗುತ್ತದೆ. ಒಣಗಾಜಿನ ಮೇಲೆ ಓಡಿಸಿ ಪರೀಕ್ಷೆ ಮಾಡಲೂಬೇಡಿ, ಧೂಳು ಗಾಜನ್ನು ಗೀರುತ್ತದೆ. ನೀರು ಹುಯ್ದುಕೊಂಡೇ ನೋಡಿ.

ದಾರಿಯಲ್ಲಿ, ಮಳೆಯಲ್ಲೇ ಕೈಕೊಟ್ಟರೆ? ಲಾರಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ನಾಲ್ಕೂ ದೀಪ ಮಿನುಗಿಸಿ. ಫ್ಯೂಸ್ ನೋಡಿ. ಲಿಂಕ್ ಕಳಚಿದ್ದರೆ ಬೈಂಡಿಂಗ್ ವೈರಿನಿಂದ ಬಿಗಿದು ಕಟ್ಟಿ. ಚಾಲಕರ ಎದುರಿನ ಬ್ಲೇಡು ಹರಿದಿದ್ದರೆ ಮತ್ತು ಅಳತೆ ಒಂದೇ ಆಗಿದ್ದರೆ ಪಕ್ಕದ್ದನ್ನು ಬಿಚ್ಚಿ ಇಲ್ಲಿಗೆ ಹಾಕಿ. ಬ್ಲೇಡಿಲ್ಲದ ಆರ್ಮಿಗೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಗಾಜು ಕೆರೆಯುತ್ತದೆ. ಇದ್ಯಾವುದೂ ಆಗದಿದ್ದರೆ ಮಳೆ ನಿಲ್ಲುವ ತನಕ ಅಲ್ಲೇ ಇರಿ. ಸರಕು ತಡವಾಗಿ ತಲುಪಿದರೆ ತಲುಪಲಿ.

ನಮಸ್ಕಾರ.