ನೂರು ಕೋಟಿ ಸಂಖ್ಯೆಗಳ ಪಟ್ಟಿ ಕ್ರಮದಲ್ಲಿದೆಯೇ? ಆರು ಸಾವಿರ ನೋಟಗಳ ಪರೀಕ್ಷೆ

ನಮಸ್ಕಾರ. ನೂರು ಕೋಟಿ ಸಂಖ್ಯೆಗಳ ಪಟ್ಟಿಯೊಂದು ಏರಿಕೆಯ ಕ್ರಮದಲ್ಲಿದೆ ಎಂದು ಖಚಿತವಾಗಿ ಹೇಳಬೇಕಾದರೆ ಅದನ್ನು ಪೂರ್ತಿ ಓದಲೇಬೇಕು. ಆದರೆ ಪ್ರಶ್ನೆಯನ್ನು ಸ್ವಲ್ಪ ಸಡಿಲಿಸೋಣ: ಪಟ್ಟಿ ಸಂಪೂರ್ಣವಾಗಿ ಕ್ರಮದಲ್ಲಿದೆಯೇ, ಅಥವಾ ಶೇಕಡಾ 1ಕ್ಕಿಂತ ಹೆಚ್ಚು ಸಂಖ್ಯೆಗಳನ್ನು ಬದಲಿಸದೆ ಕ್ರಮಕ್ಕೆ ಬಾರದಷ್ಟು ಕೆಟ್ಟಿದೆಯೇ? ಇವೆರಡರ ನಡುವಿನ ಪಟ್ಟಿಗಳಿಗೆ ಯಾವ ಉತ್ತರ ಬಂದರೂ ಒಪ್ಪಿಕೊಳ್ಳುತ್ತೇವೆ. ಇಂಥ ಪರೀಕ್ಷೆಗಳ ಅಧ್ಯಯನವೇ ಪ್ರಾಪರ್ಟಿ ಟೆಸ್ಟಿಂಗ್.

ಅಕ್ಕಪಕ್ಕದ ಜೋಡಿಗಳನ್ನು ಅಲ್ಲಲ್ಲಿ ಆರಿಸಿ ನೋಡಿದರೆ ಸಾಲದೇ ಎಂದು ಯಾರಿಗಾದರೂ ಅನ್ನಿಸುತ್ತದೆ.

ಪರದೆಯಲ್ಲಿ: 5, 6, 7, 8, 1, 2, 3, 4

ಸಾಲದು. ಈ ಪಟ್ಟಿಯಲ್ಲಿ ಅರ್ಧದಷ್ಟು ಸಂಖ್ಯೆಗಳನ್ನು ಬದಲಿಸಬೇಕು. ಆದರೂ ತಪ್ಪಿರುವ ಅಕ್ಕಪಕ್ಕದ ಜೋಡಿ 8 ಮತ್ತು 1 ಮಾತ್ರ. ಪಟ್ಟಿ ಇದೇ ರೀತಿಯಲ್ಲಿ ನೂರು ಕೋಟಿಗೆ ಬೆಳೆದರೆ ಆ ಒಂದು ಜೋಡಿ ಕಣ್ಣಿಗೆ ಬೀಳುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

1998ರಲ್ಲಿ ಫುಂಡಾ ಎರ್ಗುನ್, ಸಂಪತ್ ಕಣ್ಣನ್, ರವಿ ಕುಮಾರ್, ರೋನಿಟ್ ರೂಬಿನ್‌ಫೆಲ್ಡ್ ಮತ್ತು ಮಹೇಶ್ ವಿಶ್ವನಾಥನ್ ತೋರಿಸಿದ ದಾರಿ ಬಹಳ ಸುಂದರವಾದುದು. ಮನಬಂದ ಒಂದು ಸ್ಥಾನವನ್ನು ಆರಿಸಿ ಅಲ್ಲಿರುವ ಸಂಖ್ಯೆಯನ್ನು ಓದಿಕೊಳ್ಳಬೇಕು. ಬಳಿಕ ಅದರ ಸ್ಥಾನ ಗೊತ್ತೇ ಇಲ್ಲವೆಂಬಂತೆ ಬೈನರಿ ಸರ್ಚ್‌ನಿಂದ, ಅಂದರೆ ನಡುವಿನ ಸಂಖ್ಯೆಗೆ ಹೋಲಿಸಿ ಎಡಕ್ಕೋ ಬಲಕ್ಕೋ ಸರಿಯುತ್ತ, ಅದನ್ನು ಹುಡುಕಬೇಕು. ಹುಡುಕಾಟ ಆ ಸ್ಥಾನಕ್ಕೆ ಮುಟ್ಟದಿದ್ದರೆ ಪಟ್ಟಿ ಕ್ರಮದಲ್ಲಿಲ್ಲ. ಒಂದೇ ಸಂಖ್ಯೆ ಎರಡು ಸಲ ಬಂದಿದ್ದರೆ ಮುಂಚೆ ಇರುವುದನ್ನು ಚಿಕ್ಕದೆಂದು ಎಣಿಸಿದರಾಯಿತು.

ಇದೇಕೆ ಸಾಕಾಗುತ್ತದೆ? ಹುಡುಕಾಟಕ್ಕೆ ಸಿಗುವ ಯಾವುದೇ ಎರಡು ಸಂಖ್ಯೆಗಳನ್ನು ತೆಗೆದುಕೊಳ್ಳಿ. ಅವುಗಳ ದಾರಿಗಳು ಒಂದು ಸ್ಥಾನದವರೆಗೆ ಒಟ್ಟಿಗೆ ಸಾಗಿ ಅಲ್ಲಿ ಬೇರೆಯಾಗುತ್ತವೆ. ಎಡಕ್ಕೆ ಹೋದದ್ದು ಅಲ್ಲಿನ ಸಂಖ್ಯೆಗಿಂತ ಚಿಕ್ಕದು, ಬಲಕ್ಕೆ ಹೋದದ್ದು ದೊಡ್ಡದು, ಅಥವಾ ಎರಡರಲ್ಲೊಂದು ಅಲ್ಲಿಯೇ ನಿಲ್ಲುತ್ತದೆ. ಹಾಗಾಗಿ ಸಿಗುವ ಸಂಖ್ಯೆಗಳೆಲ್ಲ ತಮ್ಮೊಳಗೆ ಏರಿಕೆಯಲ್ಲೇ ಇರುತ್ತವೆ, ಸಿಗದವುಗಳನ್ನಷ್ಟೇ ಬದಲಿಸಿದರೆ ಇಡೀ ಪಟ್ಟಿ ಸರಿಯಾಗುತ್ತದೆ. ಪಟ್ಟಿ ಅಷ್ಟು ಕೆಟ್ಟಿದ್ದರೆ ಸಿಗದವು ಶೇಕಡಾ 1ಕ್ಕಿಂತ ಹೆಚ್ಚಿರಲೇಬೇಕು.

ಆದ್ದರಿಂದ 200 ಸಲ ಪರೀಕ್ಷಿಸಿದರೂ ಅಂಥ ಪಟ್ಟಿ ತಪ್ಪಿಸಿಕೊಳ್ಳುವ ಸಂಭವ ಏಳರಲ್ಲಿ ಒಂದಕ್ಕಿಂತ ಕಡಿಮೆ. ಒಂದು ಸಂಖ್ಯೆಯನ್ನು ಓದುವುದು ಒಂದು ನೋಟ; ಪ್ರತಿ ನೋಟಕ್ಕೂ ಹುಡುಕಬೇಕಾದ ಭಾಗ ಅರ್ಧವಾಗುವುದರಿಂದ, ಪ್ರತಿ ಹುಡುಕಾಟಕ್ಕೆ ಸುಮಾರು 30 ನೋಟಗಳಂತೆ ಒಟ್ಟು ಸುಮಾರು 6,000. ಕ್ರಮದಲ್ಲಿರುವ ಪಟ್ಟಿಯನ್ನಂತೂ ಈ ಪರೀಕ್ಷೆ ಎಂದೂ ತಿರಸ್ಕರಿಸುವುದಿಲ್ಲ.

ಗ್ರಾಫ್‌ಗಳ, ಅಂದರೆ ಬಿಂದುಗಳು ಮತ್ತು ಅವುಗಳನ್ನು ಜೋಡಿಸುವ ಗೆರೆಗಳ ಜಾಲಗಳ, ಗುಣಗಳಿಗೂ ಇಂಥ ಪರೀಕ್ಷೆಗಳನ್ನು ಗೋಲ್ಡ್‌ರೈಕ್, ಗೋಲ್ಡ್‌ವಾಸರ್ ಮತ್ತು ರೋನ್ 1996ರಲ್ಲೇ ರೂಪಿಸಿದ್ದರು. ಅಲ್ಲಿನ ಕೆಲವು ಗುಣಗಳಿಗೆ ಬೇಕಾಗುವ ನೋಟಗಳ ಸಂಖ್ಯೆ ಗ್ರಾಫ್ ಎಷ್ಟೇ ದೊಡ್ಡದಾದರೂ ಹೆಚ್ಚುವುದಿಲ್ಲ. ಪಟ್ಟಿಗೆ ಆ ಅನುಕೂಲವಿಲ್ಲ: ಅದರ ಉದ್ದದ ಲಾಗರಿದಮ್‌ಗೆ, ಅಂದರೆ ಒಂದೇ ಸಂಖ್ಯೆ ಉಳಿಯುವವರೆಗೆ ಪಟ್ಟಿಯನ್ನು ಎಷ್ಟು ಸಲ ಅರ್ಧಿಸಬೇಕೋ ಅದಕ್ಕೆ, ತಕ್ಕಷ್ಟು ನೋಟಗಳು ಯಾವ ಪರೀಕ್ಷೆಗಾದರೂ ಬೇಕೇ ಬೇಕು ಎಂದು ಎಲ್ಡರ್ ಫಿಷರ್ 2004ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಸಾಧಿಸಿದರು.